ಬೆಂಕಿ ಬಂಡಿಯ ಮೈಮೇಲಿನ ಬಂಗಾರ

ಫೈರ್ ಇಂಜಿನ್ನಿಗೆ ಚಿತ್ರ ಯಾಕೆ ಬೇಕು ಹೇಳಿ? ನೀರೆತ್ತೋಕೆ ಪಂಪ್ ಬೇಕು, ಹಾಯಿಸೋಕೆ ಪೈಪ್ ಬೇಕು, ಹತ್ತೋಕೆ ಏಣಿ ಬೇಕು. ಮೂಲೆಮೂಲೆಗೂ ಬಂಗಾರದ ರೇಕಿನ ಸುರುಳಿ, ಚಕ್ರದ ಅರಗಳಿಗೆಲ್ಲ ಸಣ್ಣ ಗೆರೆ, ಪಕ್ಕದ ಹಲಗೆಯ ಮೇಲೆ ತ್ರಿಶೂಲ ಹಿಡಿದ ರೋಮನ್ನರ ಸಮುದ್ರದೇವ ನೆಪ್ಚೂನ್. ಇದರಿಂದ ಒಂದು ಕಿಡಿಯೂ ಆರಲ್ಲ. ಆದರೂ 19ನೇ ಶತಮಾನದ ಅಮೆರಿಕದಲ್ಲಿ ಹತ್ತಾರು ಜನ ದುಡ್ಡು ಹಾಕಿ ಒಂದು ಇಂಜಿನ್ ಕೊಂಡರೆ, ಪಂಪಿನ ಬಗ್ಗೆ ಎಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದರೋ ಬಣ್ಣದ ಬಗ್ಗೆಯೂ ಅಷ್ಟೇ ಕೆಡಿಸಿಕೊಳ್ಳುತ್ತಿದ್ದರು.

ನಾನು ಮೈಸೂರಿನಲ್ಲಿ ಸಾಂಪ್ರದಾಯಿಕ ಚಿತ್ರಕಲೆ ಕಲಿತವಳು. ದೇವರ ಪಟಕ್ಕೆ ಚಿನ್ನದ ರೇಕು ಅಂಟಿಸಿ ಅಭ್ಯಾಸ. ಈಗ ಇರುವುದು ಪೆನ್ಸಿಲ್ವೇನಿಯಾದಲ್ಲಿ. ಹಳೆ ಸಾರೋಟು, ಫೈರ್ ಇಂಜಿನ್ನುಗಳ ಬಣ್ಣ ಸರಿಮಾಡುವ ಹಿರಿಯರೊಬ್ಬರು ಇಲ್ಲಿದ್ದಾರೆ. ಬಿಡುವಾದಾಗ ಅವರ ಶೆಡ್ಡಿಗೆ ಹೋಗಿ ಕೆಲಸ ಮಾಡುತ್ತೇನೆ. "ನಿಮ್ಮ ಕಡೆ ಚಿನ್ನ ಹೇಗೆ ಹಚ್ಚುತ್ತಾರೆ?" ಅಂತ ಅವರು ಕೇಳಿದ್ದರಿಂದ ಶುರುವಾದ ಸ್ನೇಹ. ಅಮ್ಮ ಮಾತ್ರ ಫೋನಿನಲ್ಲಿ ಈಗಲೂ, "ಲಾರಿಗೆ ಬಣ್ಣ ಹೊಡೆಯೋಕೆ ಅಮೆರಿಕಕ್ಕೆ ಹೋಗಬೇಕಿತ್ತಾ?" ಅಂತಾರೆ.

ಅಮ್ಮನಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ. ಇಲ್ಲಿ ಮೊದಲಿಗೆ ಬೆಂಕಿ ಆರಿಸುವುದು ಸರ್ಕಾರದ ಕೆಲಸ ಆಗಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಮತ್ತು ಗೆಳೆಯರು 1736ರಲ್ಲಿ ಯೂನಿಯನ್ ಫೈರ್ ಕಂಪನಿ ಕಟ್ಟಿದರು. ಅಲ್ಲಿಂದ ಮುಂದೆ ಬೀದಿಗೊಂದು ಕಂಪನಿ ಹುಟ್ಟಿಕೊಂಡಿತು. ಕಂಪನಿ ಅಂದರೆ ವ್ಯಾಪಾರ ಅಲ್ಲ, ಸ್ವಯಂಸೇವಕರ ತಂಡ. ಸಂಬಳ ಇಲ್ಲ. ಕಮ್ಮಾರ, ಕಟುಕ, ಅಂಗಡಿಯವ, ಗುಮಾಸ್ತ ಎಲ್ಲ ಸೇರಿದ ಗುಂಪು. ಗಂಟೆ ಬಾರಿಸಿದ ಕೂಡಲೇ ಓಡಿಬಂದು, ಹಗ್ಗ ಹಿಡಿದು, ಇಂಜಿನ್ನನ್ನು ಕೈಯಲ್ಲೇ ಎಳೆದುಕೊಂಡು ಹೋಗಬೇಕು. ಅಲ್ಲಿ ಹೋಗಿ ಉದ್ದದ ಹಿಡಿಗಳ ಎರಡೂ ಕಡೆ ನಿಂತು ಕೈಯಿಂದಲೇ ಪಂಪು ಒತ್ತಬೇಕು. ನಿಮಿಷಕ್ಕೆ 60 ಸಲದ ಹಾಗೆ ಒತ್ತಿದರೆ ಗಟ್ಟಿ ಆಳೂ ಕೆಲವೇ ನಿಮಿಷಕ್ಕೆ ಸುಸ್ತು. ಆಮೇಲೆ ಮುಂದಿನವನು ಹಿಡಿಗೆ ಕೈ ಹಾಕಬೇಕು.

ಇಷ್ಟೆಲ್ಲ ಪಾಡು ಪಟ್ಟರೆ ಸಿಗುತ್ತಿದ್ದುದು ಹೆಸರು ಒಂದೇ. ಹಾಗಾಗಿ ಹೆಸರಿಗಾಗಿ ಪೈಪೋಟಿ. ಆ ಪೈಪೋಟಿಯಲ್ಲಿ ನನಗೆ ತುಂಬ ಇಷ್ಟವಾದ ಸಂಗತಿ ಒಂದಿದೆ. ನೀರು ದೂರದಲ್ಲಿದ್ದರೆ ಇಂಜಿನ್ನುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಮೊದಲನೆಯದು ನದಿಯಿಂದ ನೀರೆಳೆದು ಎರಡನೆಯದರ ತೊಟ್ಟಿಗೆ ತುಂಬಬೇಕು, ಎರಡನೆಯದು ಮೂರನೆಯದಕ್ಕೆ, ಕೊನೆಯದು ಬೆಂಕಿಗೆ. ಹಿಂದಿನವರು ಜೋರಾಗಿ ಒತ್ತಿ, ಮುಂದಿನವರು ಅಷ್ಟೇ ವೇಗದಲ್ಲಿ ನೀರು ಸಾಗಿಸಲಾಗದಿದ್ದರೆ ಅವರ ತೊಟ್ಟಿ ತುಂಬಿ, ನೀರು ಉಕ್ಕಿ, ಇಂಜಿನ್ನಿನ ಮೈಮೇಲೆಲ್ಲ ಹರಿಯುತ್ತಿತ್ತು. ಇದಕ್ಕೆ ಇಂಜಿನ್ ತೊಳೆಸಿಕೊಂಡಿತು ಅನ್ನುತ್ತಿದ್ದರು. ಇಡೀ ಊರಿನ ಮುಂದೆ ಮಾನ ಹೋದ ಹಾಗೆ. ಬೆಂಕಿ ಆ ಕಡೆ ಉರಿಯುತ್ತಿರಲಿ, ತೊಳೆಸಿಕೊಳ್ಳಬಾರದು ಅನ್ನುವುದೇ ಹಟ. ಒಮ್ಮೆಯೂ ತೊಳೆಸಿಕೊಳ್ಳದ ಇಂಜಿನ್ನಿನ ತಂಡದವರ ಜಂಭ ಕೇಳಬೇಡಿ. ಆ ನೀರು ಹರಿದಿದ್ದು ಅಪ್ಪಟ ಬಂಗಾರದ ರೇಕಿನ ಮೇಲೆ, ದುಬಾರಿ ಚಿತ್ರದ ಮೇಲೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ.

ಚಿತ್ರ ಬರೆದವರೂ ಸುಮ್ನೆ ಯಾರೋ ಬೋರ್ಡ್ ಬರೆಯುವವರಲ್ಲ. ಅಥವಾ ಹೀಗೆ ಹೇಳಬೇಕು: ಆಗ ಬೋರ್ಡ್ ಬರೆಯುವವರಿಗೂ ಕಲಾವಿದರಿಗೂ ನಡುವೆ ಗೋಡೆ ಇರಲಿಲ್ಲ. ಫಿಲಡೆಲ್ಫಿಯಾದ ಜಾನ್ ಆರ್ಚಿಬಾಲ್ಡ್ ವುಡ್‌ಸೈಡ್ ಅಂಗಡಿ ಫಲಕಗಳನ್ನೂ ಬರೆದ, ಇಂಜಿನ್ ಹಲಗೆಗಳನ್ನೂ ಬರೆದ. ನ್ಯೂಯಾರ್ಕಿನ ಜಾನ್ ಕ್ವಿಡರ್‌ನ ತೈಲಚಿತ್ರಗಳು ಇವತ್ತು ದೊಡ್ಡ ಮ್ಯೂಸಿಯಂಗಳಲ್ಲಿವೆ. ಬದುಕಿದ್ದಾಗ ಹೊಟ್ಟೆ ತುಂಬಿಸಿದ್ದು ಬ್ಯಾನರು ಮತ್ತು ಇಂಜಿನ್ ಹಲಗೆಗಳ ಕೆಲಸವೇ. ಡೇವಿಡ್ ಬಸ್ಟಿಲ್ ಬೌಸರ್ ಅಂತ ಒಬ್ಬ ಕಪ್ಪು ಚಿತ್ರಕಾರ ಇದ್ದ. ಫಿಲಡೆಲ್ಫಿಯಾದ ಫೈರ್ ಕಂಪನಿಗಳಿಗೆ ಬ್ಯಾನರು, ಲಾಂಛನ ಬರೆದುಕೊಡುತ್ತಿದ್ದ. ಮುಂದೆ ಅಂತರ್ಯುದ್ಧದಲ್ಲಿ ಕಪ್ಪು ಸೈನಿಕರ ರೆಜಿಮೆಂಟುಗಳ ಬಾವುಟಗಳಿಗೆ ಚಿತ್ರ ಬರೆದವನೂ ಅವನೇ.

ಇಂಜಿನ್ ಮೇಲಿನ ಚಿತ್ರ ಎಲ್ಲಿಂದೆಲ್ಲಿಗೆ ಹೋಗಬಹುದು ಅನ್ನುವುದಕ್ಕೆ ನ್ಯೂಯಾರ್ಕಿನ ಅಮೆರಿಕಸ್ ಇಂಜಿನ್ ಕಂಪನಿ ನಂಬರ್ 6 ಸಾಕ್ಷಿ. ಅವರ ಇಂಜಿನ್ ಮೇಲೆ ಬಾಯಿ ತೆರೆದ ಹುಲಿಯ ತಲೆ ಇತ್ತು. ಆ ತಂಡದ ಮುಖಂಡ ವಿಲಿಯಂ ಟ್ವೀಡ್. ಈತ ಆಮೇಲೆ ಟ್ಯಾಮನಿ ಹಾಲ್ ಎಂಬ ರಾಜಕೀಯ ಕೂಟದ ದೊರೆಯಾಗಿ ನ್ಯೂಯಾರ್ಕ್ ನಗರದ ಖಜಾನೆಯನ್ನೇ ಗುಡಿಸಿದ. ಹುಲಿ ಅವನ ಹಿಂದೆಯೇ ರಾಜಕೀಯಕ್ಕೆ ಬಂತು. 1871ರಲ್ಲಿ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ಅದೇ ಹುಲಿಯನ್ನು ಟ್ಯಾಮನಿಯ ಗುರುತಾಗಿ ಬರೆದು ಟ್ವೀಡ್‌ನ ಮಾನ ಕಳೆದ.

ಉಗಿಯಂತ್ರದ ಇಂಜಿನ್ ಬಂದ ಮೇಲೆ ಇಷ್ಟೊಂದು ಕೈಗಳು ಬೇಕಾಗಲಿಲ್ಲ. ನ್ಯೂಯಾರ್ಕಿನಲ್ಲಿ 1865ಕ್ಕೆ, ಫಿಲಡೆಲ್ಫಿಯಾದಲ್ಲಿ 1871ಕ್ಕೆ ಸಂಬಳದ ಇಲಾಖೆ ಬಂತು. ಕೈ ಇಂಜಿನ್ನುಗಳು ಸೆಕೆಂಡ್ ಹ್ಯಾಂಡಿನಲ್ಲಿ ಸಣ್ಣಪುಟ್ಟ ಊರುಗಳಿಗೆ ಹೋದವು. ನಮ್ಮ ತಲೆನೋವು ಶುರುವಾಗುವುದು ಇಲ್ಲಿಂದ.

ಕೊಂಡ ಊರು ಏನು ಮಾಡುತ್ತೆ? ಹಳೆ ಕಂಪನಿಯ ಹೆಸರಿನ ಮೇಲೆ ಬಣ್ಣ ಬಳಿದು ತನ್ನ ಹೆಸರು ಬರೆಸುತ್ತೆ. ಮುಂದಿನ ಮೆರವಣಿಗೆಗೆ ಇನ್ನೊಂದು ಸಲ. ಇನ್ಯಾವುದೋ ಹಬ್ಬಕ್ಕೆ ಮತ್ತೊಂದು ಸಲ. ಹೊಳಪು ಬರಲಿ ಅಂತ ಪ್ರೀತಿಯಿಂದ ಯಾರೋ ಅಗಸೆ ಎಣ್ಣೆ ಹಚ್ಚುತ್ತಾರೆ, ಇನ್ಯಾರೋ ಪೀಠೋಪಕರಣದ ಪಾಲಿಶ್ ಹಚ್ಚುತ್ತಾರೆ. ಎಣ್ಣೆ ಕಪ್ಪಾಗುತ್ತೆ, ವಾರ್ನಿಶ್ ಹಳದಿಯಾಗುತ್ತೆ. ನಮ್ಮ ಶೆಡ್ಡಿಗೆ ಬರುವ ಹೊತ್ತಿಗೆ ನೀಲಿ ಆಕಾಶ ಹಸಿರಾಗಿರುತ್ತೆ, ಬಿಳಿ ಸೀರೆಯಂಥ ಉಡುಪಿನ ಸ್ವಾತಂತ್ರ್ಯದೇವಿ ಚಹಾದಲ್ಲಿ ಅದ್ದಿ ತೆಗೆದಂತೆ ನಿಂತಿರುತ್ತಾಳೆ.

ಈಚೆಗೆ ಬಂದ ಒಂದು ಪಕ್ಕದ ಹಲಗೆಯನ್ನು ನೋಡೋಣ. ಕತ್ತಲೆ ಮಾಡಿ ಅದರ ಮೇಲೆ ಯುವಿ, ಅಂದರೆ ನೇರಳಾತೀತ ಬೆಳಕಿನ ಲ್ಯಾಂಪ್ ಹಿಡಿದೆವು. ಹಳೆಯ ವಾರ್ನಿಶ್ ಮಂಕು ಹಸಿರಾಗಿ ಹೊಳೆಯುತ್ತೆ. ಅದರ ಮೇಲೆ ಆಮೇಲೆ ಬಳಿದ ತೇಪೆ ಕಪ್ಪು ಮಚ್ಚೆಯಾಗಿ ಕಾಣುತ್ತೆ. ಹದ್ದಿನ ಒಂದು ರೆಕ್ಕೆ ಪೂರ್ತಿ ಕಪ್ಪು. ಅಂದರೆ ಆ ರೆಕ್ಕೆ ಬೇರೆ ಯಾರದೋ ಕೈ. ಕೆಳಗಿನ ಪಟ್ಟಿಯಲ್ಲಿ ಊರಿನ ಹೆಸರಿತ್ತಲ್ಲ, ಅದರ ಅಡಿಯಲ್ಲಿ ಬೇರೆ ಅಕ್ಷರಗಳ ಉಬ್ಬು ಓರೆ ಬೆಳಕಿನಲ್ಲಿ ಕಂಡಿತು. ಬಣ್ಣ ಮುಚ್ಚಿದರೂ ಅಕ್ಷರದ ದಪ್ಪ ಉಳಿದಿರುತ್ತೆ.

ಆಮೇಲೆ ಹಲಗೆಯ ಅಂಚಿನಿಂದ ಸೂಜಿಮೊನೆಯಷ್ಟು ಬಣ್ಣ ಕಿತ್ತು, ಪಾರದರ್ಶಕ ರಾಳದಲ್ಲಿ ಕೂರಿಸಿ, ಅಡ್ಡಕ್ಕೆ ಉಜ್ಜಿ ನಯಮಾಡಿ ಮೈಕ್ರೋಸ್ಕೋಪಿನಲ್ಲಿ ಇಟ್ಟರು. ನನಗೆ ಈ ಕೆಲಸದಲ್ಲಿ ಮೈ ಜುಂ ಅನ್ನುವುದು ಈ ಹೊತ್ತು. ತಳದಲ್ಲಿ ಮರದ ನಾರು. ಅದರ ಮೇಲೆ ಬಿಳಿ ಸೀಸದ ಅಸ್ತರು, ಒಂದಲ್ಲ, ಹಲವು ಪದರ. ಸಾರೋಟಿಗೆ ಬಣ್ಣ ಹಚ್ಚುವವರ ಪದ್ಧತಿಯೇ ಹಾಗೆ. ಹಚ್ಚು, ಒಣಗಿಸು, ಪ್ಯೂಮಿಸ್ ಕಲ್ಲಿನಿಂದ ಉಜ್ಜು, ಮತ್ತೆ ಹಚ್ಚು. ವಾರಗಟ್ಟಲೆ ಬರೀ ತಳಪಾಯ. ಅದರ ಮೇಲೆ ಕಡು ಹಸಿರು. ಹೌದು, ಹಸಿರು. ಫೈರ್ ಇಂಜಿನ್ ಅಂದರೆ ಕೆಂಪು ಅನ್ನುವುದು ಆಮೇಲೆ ಗಟ್ಟಿಯಾದ ರೂಢಿ, ಆಗ ಒಂದೊಂದು ಕಂಪನಿಗೆ ಒಂದೊಂದು ಬಣ್ಣ. ಹಸಿರಿನ ಮೇಲೆ ವಾರ್ನಿಶ್. ವಾರ್ನಿಶ್ ಮೇಲೆ ಕೂದಲೆಳೆಯಂಥ ಒಂದು ಕಪ್ಪು ಗೆರೆ. ಅದು ಬಣ್ಣ ಅಲ್ಲ, ಕೊಳೆ. ಮಸಿ, ದೂಳು. ಅಂದರೆ ಆ ಪದರ ವರ್ಷಗಟ್ಟಲೆ ಹೊರಗೆ ಮುಖ ಮಾಡಿಕೊಂಡಿತ್ತು, ಜನ ಅದನ್ನು ನೋಡುತ್ತಿದ್ದರು. ಕೊಳೆಯ ಗೆರೆ ಇಲ್ಲದಿದ್ದರೆ ಎರಡು ಪದರವೂ ಒಂದೇ ಸಲಕ್ಕೆ ಹಚ್ಚಿದ್ದು ಅಂತ ಲೆಕ್ಕ. ಕೊಳೆಯ ಮೇಲೆ ಕೆಂಪು. ಮತ್ತೆ ವಾರ್ನಿಶ್. ಮತ್ತೆ ಕೊಳೆ. ಮತ್ತೆ ಬೇರೆ ಕೆಂಪು.

ಈಗ ಹೇಳಿ, ಯಾವುದನ್ನು ಮರಳಿ ತರಬೇಕು?

ಹಲಗೆಯ ಮಾಲೀಕರಿಗೆ ತಳದ ಹಸಿರು ಬೇಕಿತ್ತು. ಅದು ಹಳೆಯದು, ದೊಡ್ಡ ನಗರದ್ದು, ಬೆಲೆ ಜಾಸ್ತಿ. ನಾನಂತೂ ಅದಕ್ಕೆ ಒಪ್ಪಲಿಲ್ಲ. ಹಿರಿಯರೂ ಒಪ್ಪಲಿಲ್ಲ, ಆದರೆ ಅವರ ಕಾರಣ ಬೇರೆ, ಹೆಚ್ಚು ಗಟ್ಟಿ. ಹೊಸ ಬಣ್ಣ ಹಿಡಿಯಲಿ ಅಂತ ಆ ಕಾಲದ ಬಣ್ಣದವನು ಕೆಳಗಿನದನ್ನು ಉಜ್ಜಿಯೇ ಮೇಲೆ ಬಳಿದಿರುತ್ತಾನೆ. ಮೇಲಿನದನ್ನು ಕಿತ್ತರೆ ಸಿಗುವುದು ಸವೆದ, ಗೀರುಬಿದ್ದ ಅರ್ಧ ಚಿತ್ರ. ಉಳಿದರ್ಧ ನಾವೇ ಬರೆಯಬೇಕು. ಆಗ ಅದು ಯಾರ ಚಿತ್ರ? ಒಂದು ಹಳೆಯದನ್ನು ಪಡೆಯೋಕೆ ಇನ್ನೊಂದು ಹಳೆಯದನ್ನು ಕಳೆದು, ಕೈಗೆ ಬಂದದ್ದು ಹೊಸದು ಅಂತಾದರೆ ಏನು ಪ್ರಯೋಜನ? ನನ್ನ ತಕರಾರು ಇಷ್ಟೇ: ಆ ಸಣ್ಣ ಊರಿನವರು ಈ ಇಂಜಿನ್ನನ್ನು ನಗರದವರಿಗಿಂತ ಹೆಚ್ಚು ವರ್ಷ ಎಳೆದಿದ್ದಾರೆ. ಅವರ ಹೆಸರು ಅಳಿಸುವ ಹಕ್ಕು ನಮಗೆಲ್ಲಿಂದ ಬಂತು? ಕೊನೆಗೆ ಮೇಲಿನ ಪದರವನ್ನೇ ಉಳಿಸಿ, ಕೊಳೆ ತೆಗೆಯುವುದು ಅಂತ ತೀರ್ಮಾನವಾಯಿತು. ತಳದ ಹಸಿರಿಗೆ ಒಂದು ಮೂಲೆಯಲ್ಲಿ ಅಂಚೆಚೀಟಿಯಷ್ಟು ಕಿಟಕಿ ತೆರೆದಿಟ್ಟೆವು.

ಕೊಳೆ ತೆಗೆಯುವುದು ಯಾವುದರಿಂದ ಗೊತ್ತಾ? ಮೊದಲ ಸುತ್ತಿಗೆ ಎಂಜಲಿನಿಂದ. ನಿಜ ಹೇಳುತ್ತಿದ್ದೇನೆ. ಕಡ್ಡಿಗೆ ಹತ್ತಿ ಸುತ್ತಿ, ನಾಲಿಗೆಗೆ ತಾಕಿಸಿ, ಚಿತ್ರದ ಮೇಲೆ ಮೆತ್ತಗೆ ಉರುಳಿಸಬೇಕು. ಉಜ್ಜಬಾರದು, ಉರುಳಿಸಬೇಕು. ಎಂಜಲಿನಲ್ಲಿರುವ ಎಂಜೈಮು ಜಿಡ್ಡು, ಮಸಿ, ಕೈಕೊಳೆಯನ್ನು ಸಡಿಲಿಸುತ್ತೆ, ಬಣ್ಣಕ್ಕೆ ಏನೂ ಮಾಡಲ್ಲ. ದೊಡ್ಡ ದೊಡ್ಡ ಮ್ಯೂಸಿಯಂಗಳಲ್ಲೂ ಇದೇ ಉಪಾಯ. ಚಿತ್ರಕ್ಕೆ ಕೂರುವ ಮೊದಲು ಕೈಕಾಲು ತೊಳೆದು ದೀಪ ಹಚ್ಚುವ ಮನೆಯಿಂದ ಬಂದ ನನಗೆ ಇದು ಒಗ್ಗೋಕೆ ಸ್ವಲ್ಪ ಕಾಲವೇ ಹಿಡಿಯಿತು. ಆಮೇಲೆ ವಾರ್ನಿಶ್ ತೆಗೆಯಲು ದ್ರಾವಕಗಳು. ಅಂಗೈಯಷ್ಟು ಜಾಗ, ಒಂದಿಷ್ಟು ಹತ್ತಿ, ಹತ್ತಿಯಲ್ಲಿ ಹಳದಿ ಬಂದರೆ ಸರಿ, ಬೇರೆ ಬಣ್ಣ ಬಂದರೆ ಅಲ್ಲೇ ನಿಲ್ಲಿಸು. ನೆರಳಿಗೆ ಆಸ್ಫಾಲ್ಟಮ್ ಬಳಸಿದ ಕಡೆ ಇನ್ನೂ ಹುಷಾರಾಗಿರಬೇಕು. ಡಾಂಬರಿನ ಜಾತಿಯ ಆ ಕಂದು ಬಣ್ಣ ಪೂರ್ತಿ ಒಣಗುವುದೇ ಇಲ್ಲ. ಅಗಲಗಲ ಬಿರುಕು ಬಿಟ್ಟುಕೊಂಡು ಕೂತಿರುತ್ತೆ, ದ್ರಾವಕ ತಾಕಿದರೆ ಕರಗಿ ಹೋಗುತ್ತೆ. ಮಾಸ್ಕ್, ಕೈಗವಸು ಇಲ್ಲದೆ ಇದಾವುದನ್ನೂ ಮುಟ್ಟಬೇಡಿ. ಹಳೆ ಬಣ್ಣದಲ್ಲಿ ಸೀಸ ಇದ್ದೇ ಇರುತ್ತೆ, ಒಣಗಿದ್ದನ್ನು ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದರೆ ಆ ದೂಳು ನೇರ ಶ್ವಾಸಕೋಶಕ್ಕೆ.

ಬಣ್ಣ ಉದುರಿದ ಕಡೆ ತುಂಬುವಾಗಲೂ ಒಂದು ನೇಮ ಇದೆ. ಮೊದಲು ಹಳೆಯದರ ಮೇಲೆ ಪ್ಯಾರಲಾಯ್ಡ್ ಬಿ-72 ಎಂಬ ರಾಳದ ತೆಳು ಪರದೆ. ಅದರ ಮೇಲೆ ನಮ್ಮ ಬಣ್ಣ, ಉದುರಿದಷ್ಟೇ ಜಾಗಕ್ಕೆ. ನಾಳೆ ಯಾರಿಗಾದರೂ ನಮ್ಮ ಕೆಲಸ ಬೇಡ ಅನ್ನಿಸಿದರೆ ಹಳೆಯದಕ್ಕೆ ಗೀರೂ ಬೀಳದಂತೆ ಒರೆಸಿಹಾಕಬಹುದು.

ಇದೆಲ್ಲ ಕೈ ಇಂಜಿನ್ನಿನ ಹಲಗೆಗಳ ಮಾತು. 1910, 1920ರ ದಶಕದ ಮೋಟಾರು ಇಂಜಿನ್ನುಗಳ ವಿಷಯಕ್ಕೆ ಬಂದರೆ ನನ್ನ ನಿಲುವು ಬದಲಾಗುತ್ತೆ. ಎಲ್ಮೈರಾದ ಅಮೆರಿಕನ್ ಲಾಫ್ರಾನ್ಸ್, ಸಿನ್ಸಿನಾಟಿಯ ಆರೆನ್ಸ್-ಫಾಕ್ಸ್, ಕೊಲಂಬಸ್‌ನ ಸೀಗ್ರೇವ್ ಕಾರ್ಖಾನೆಗಳಲ್ಲಿ ತಯಾರಾದವು ಇವು. ಆರೆನ್ಸ್-ಫಾಕ್ಸ್ ನೋಡಿದವರು ಮರೆಯಲ್ಲ, ಮೂತಿಯ ಮೇಲೆ ಹೊಳೆಯುವ ಲೋಹದ ದೊಡ್ಡ ಗುಂಡು ಹೊತ್ತುಕೊಂಡಿರುತ್ತೆ. ಪಂಪಿನ ಒತ್ತಡ ಏರಿಳಿಯದಂತೆ ನೋಡಿಕೊಳ್ಳುವ ಗಾಳಿಯ ಕೋಶ ಅದು. ಇವುಗಳ ಮೇಲೆ ದೇವತೆಗಳಿಲ್ಲ, ಹುಲಿಯಿಲ್ಲ. ಅಕ್ಷರ, ಅಂಚುಪಟ್ಟಿ, ಮೂಲೆಯ ಸುರುಳಿ, ಸಣ್ಣ ಗೆರೆಗಳು. ಆದರೆ ಚಿನ್ನ ಮಾತ್ರ ಧಾರಾಳ. ಇವು ಇವತ್ತಿಗೂ ಓಡುತ್ತವೆ, ಮೆರವಣಿಗೆಗೆ ಹೋಗುತ್ತವೆ, ಮಳೆಯಲ್ಲಿ ನೆನೆಯುತ್ತವೆ, ಮಕ್ಕಳು ಹತ್ತಿ ಇಳಿಯುತ್ತಾರೆ. ಫೈರ್ ಸ್ಟೇಷನ್ನಿನ ಹುಡುಗರು ದಿನಾ ಒರೆಸಿ ಒರೆಸಿ ಮೂಲೆಗಳ ಚಿನ್ನ ಸವೆಸಿಯೇ ಬಿಟ್ಟಿರುತ್ತಾರೆ. ಇಂಥದ್ದಕ್ಕೆ ಹೊಸ ಚಿನ್ನ ಹಾಕುವುದರಲ್ಲಿ ಪಾಪವೇನೂ ಇಲ್ಲ. ಮೊದಲಿನಿಂದಲೂ ಹಾಕುತ್ತಲೇ ಬಂದಿದ್ದಾರೆ. ಹಳೆಯದರ ನಕಲು ಟ್ರೇಸಿಂಗ್ ಪೇಪರಿನಲ್ಲಿ ತೆಗೆದು, ಫೋಟೋ ಹಿಡಿದು ಇಟ್ಟುಕೊಂಡಿರಬೇಕು, ಅಷ್ಟೆ.

ಇಲ್ಲಿಯ ಚಿನ್ನದ ಕೆಲಸ ನಮ್ಮದಕ್ಕಿಂತ ಬೇರೆ. ಮೈಸೂರು ಶೈಲಿಯಲ್ಲಿ ಮೊದಲು ಮಕ್ಕಿ ಸಫೇದ ಎಂಬ ಲೇಪದಿಂದ ಆಭರಣ, ಕಂಬ, ಪ್ರಭಾವಳಿಗಳನ್ನು ಕುಂಚದಲ್ಲೇ ತುಸು ಉಬ್ಬಿಸುತ್ತೇವೆ. ಅದರ ಮೇಲೆ ರೇಕು ಕೂತಾಗ ಬೆಳಕು ಉಬ್ಬಿಗೆ ತಾಕಿ ತಾನಾಗಿ ಮಿನುಗುತ್ತೆ. ಇಲ್ಲಿ ಉಬ್ಬು ಇಲ್ಲವೇ ಇಲ್ಲ. ಚಪ್ಪಟೆ ತಗಡು, ಚಪ್ಪಟೆ ಚಿನ್ನ. ಉಬ್ಬಿನ ಭ್ರಮೆಯನ್ನು ಬಣ್ಣದಿಂದ ತರಿಸಬೇಕು. ಸುರುಳಿಯ ಒಂದು ಮಗ್ಗುಲಿಗೆ ಕಂದು ನೆರಳು, ಇನ್ನೊಂದು ಮಗ್ಗುಲಿಗೆ ತೆಳು ಬಿಳಿ, ಸುತ್ತ ಕಪ್ಪು ಗೆರೆ. ಬೆಳಕು ಯಾವ ಕಡೆಯಿಂದ ಅಂತ ಮೊದಲೇ ತೀರ್ಮಾನಿಸಿ ಇಡೀ ಗಾಡಿಗೆ ಅದನ್ನೇ ಪಾಲಿಸಬೇಕು. ದೂರದಿಂದ ನೋಡಿದರೆ ಕೆತ್ತಿದ ಹಾಗೆ ಕಾಣುತ್ತೆ. ನನ್ನ ಗುರುಗಳು ನೋಡಿದ್ದರೆ ಇದು ಮೋಸ ಅಂತಿದ್ದರೋ ಏನೋ. ನನಗೆ ಮಾತ್ರ ಆ ಮೋಸ ಬಹಳ ಇಷ್ಟ.

ರೇಕು 23 ಕ್ಯಾರೆಟ್ಟಿನದು. ಮೂರೂ ಕಾಲು ಇಂಚಿಗಿಂತ ಚೂರು ದೊಡ್ಡ ಚೌಕ, ಪುಸ್ತಕಕ್ಕೆ 25 ಹಾಳೆ. ದಪ್ಪ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗದಷ್ಟು. ಬೆರಳಿಂದ ಮುಟ್ಟಿದರೆ ಬೆರಳಿಗೇ ಮೆತ್ತಿಕೊಂಡು ಮಾಯ. ಅಳಿಲಿನ ಕೂದಲಿನ ಚಪ್ಪಟೆ ಕುಂಚವನ್ನು ಕೆನ್ನೆಗೆ ಸವರಿಕೊಂಡರೆ ಚರ್ಮದ ಜಿಡ್ಡು ಹತ್ತುತ್ತೆ, ರೇಕನ್ನು ಎತ್ತೋಕೆ ಅಷ್ಟು ಜಿಡ್ಡು ಸಾಕು. ಫ್ಯಾನ್ ಬಂದ್, ಬಾಗಿಲು ಬಂದ್, ಜುಲೈ ಸೆಕೆಯಲ್ಲೂ. ಅಂಟಾಗಿ ಹಚ್ಚುವುದು ಅಗಸೆ ಎಣ್ಣೆಯ ಸೈಜ್. ಅದು ಒಣಗುವ ಹದ ಹಿಡಿಯುವುದೇ ವಿದ್ಯೆ. ನಿಧಾನದ ಸೈಜಿಗೆ ಹನ್ನೆರಡು ಗಂಟೆಯೂ ಆಗಬಹುದು. ಬೆರಳಿನ ಗೆಣ್ಣು ತಾಕಿಸಿ ಎತ್ತಿದರೆ ಟಿಕ್ ಅನ್ನಬೇಕು, ಗುರುತು ಮಾತ್ರ ಬೀಳಬಾರದು. ಹಸಿ ಇದ್ದಾಗ ಹಾಕಿದರೆ ಚಿನ್ನ ಮುಳುಗಿ ಮಂಕಾಗುತ್ತೆ. ತಡವಾದರೆ ಹಿಡಿಯಲ್ಲ. ಕೂತ ಚಿನ್ನದ ಮೇಲೆ, ವಾರ್ನಿಶ್‌ಗೆ ಮೊದಲು, ಮಖಮಲ್ ಸುತ್ತಿದ ಹತ್ತಿಯುಂಡೆ ಒತ್ತಿ ಗರ್ರನೆ ತಿರುಗಿಸುತ್ತಾರೆ. ಸಾಲಾಗಿ ಒಂದರ ಪಕ್ಕ ಒಂದು ಚಕ್ರದ ಗುರುತು ಮೂಡುತ್ತೆ. ಗಾಡಿ ಓಡುವಾಗ ಆ ಚಕ್ರಗಳೆಲ್ಲ ತಿರುಗಿದ ಹಾಗೆ ಕಾಣುವುದನ್ನು ಒಮ್ಮೆ ನೋಡಬೇಕು ನೀವು.

ಗೆರೆ ಎಳೆಯುವುದು ನನಗೆ ಇನ್ನೂ ಪೂರ್ತಿ ಕೈಗೂಡಿಲ್ಲ. ಕತ್ತಿಯ ಆಕಾರದ ಉದ್ದ ಕೂದಲಿನ ಕುಂಚ, ಕಿರುಬೆರಳು ತಗಡಿನ ಅಂಚಿಗೆ ಆನಿಸಿ, ನಡಿಗೆಯ ಜೊತೆಗೇ ಎಳೆಯಬೇಕು. ಹಿರಿಯರು ಬಾನೆಟ್ಟಿನ ಉದ್ದಕ್ಕೂ ಒಂದೇ ಉಸಿರಿಗೆ ಎಳೆದುಬಿಡುತ್ತಾರೆ. ಟೇಪ್ ಅಂಟಿಸಿ ಗೆರೆ ಹೊಡೆದರೆ ಅಳತೆ ಪಕ್ಕಾ ಬರುತ್ತೆ, ಜೀವ ಬರಲ್ಲ. ಕೈಗೆರೆಯಲ್ಲಿ ಕುಂಚ ಊರಿದ ಕಡೆ ತುಸು ದಪ್ಪ, ಎತ್ತಿದ ಕಡೆ ತುಸು ಸಣ್ಣ.

ಈಗ ಚಿನ್ನದ ಬಣ್ಣದ ವಿನೈಲ್ ಸ್ಟಿಕ್ಕರ್ ಬಂದಿದೆ. ಕಂಪ್ಯೂಟರಿನಲ್ಲಿ ಕತ್ತರಿಸಿ ಅಂಟಿಸಿದರೆ ಮುಗೀತು. ಇಡೀ ಗಾಡಿಯ ಬಣ್ಣ ತಗಡಿನವರೆಗೆ ಕೆರೆದು, ಕಾರಿನ ಕ್ಲಿಯರ್ ಕೋಟ್ ಹೊಡೆದು, ಮೇಲೆ ಸ್ಟಿಕ್ಕರ್ ಅಂಟಿಸಿ, ಇದು ರೆಸ್ಟೋರೇಶನ್ ಅನ್ನುವವರಿದ್ದಾರೆ. ಬೈಯಬೇಕು ಅನ್ನಿಸುತ್ತೆ. ಆದರೆ ಒಂದು ಹಳ್ಳಿಯ ಸ್ವಯಂಸೇವಕ ತಂಡ ಕೇಕ್ ಮಾರಿ ದುಡ್ಡು ಕೂಡಿಸಿ ತನ್ನ ಹಳೆ ಇಂಜಿನ್ನನ್ನು ತುಕ್ಕಿನಿಂದ ಉಳಿಸಿಕೊಂಡಿದ್ದರೆ ಯಾವ ಬಾಯಲ್ಲಿ ಬೈಯೋದು? ಹೋಗಲಿ ಬಿಡಿ, ಸ್ಟಿಕ್ಕರ್ ನಾಳೆ ಕಿತ್ತುಹಾಕಬಹುದು. ಕೆರೆದು ಎಸೆದ ಹಳೆ ಬಣ್ಣ ಮಾತ್ರ ವಾಪಸ್ ಬರಲ್ಲ. ಹಾಗಾಗಿ ಸಲಹೆ ಕೇಳಿ ಬಂದವರಿಗೆ ನಾನು ಹೇಳುವುದು ಒಂದೇ: ಏನಾದರೂ ಮಾಡಿ, ಒಂದು ಬಾಗಿಲನ್ನೋ ಒಂದು ಪೆಟ್ಟಿಗೆಯ ಮುಚ್ಚಳವನ್ನೋ ಮುಟ್ಟದೆ ಹಾಗೇ ಬಿಡಿ.

ನೋಡಬೇಕು ಅನ್ನಿಸಿದವರಿಗೆ: ಫಿಲಡೆಲ್ಫಿಯಾದ ಫೈರ್‌ಮನ್ಸ್ ಹಾಲ್ ಮ್ಯೂಸಿಯಂ 1902ರ ಹಳೆ ಫೈರ್ ಸ್ಟೇಷನ್ನಿನಲ್ಲೇ ಇದೆ. ನ್ಯೂಯಾರ್ಕ್ ರಾಜ್ಯದ ಹಡ್ಸನ್ ಊರಿನ ಮ್ಯೂಸಿಯಂನಲ್ಲಿ 1731ರಲ್ಲಿ ಲಂಡನ್ನಿನಿಂದ ತರಿಸಿದ, ನ್ಯೂಶಮ್ ಎಂಬಾತ ತಯಾರಿಸಿದ ಇಂಜಿನ್ ಇದೆ. ಅರಿಜೋನಾ ಕಡೆ ಇರುವವರಿಗೆ ಫೀನಿಕ್ಸ್‌ನ ಹಾಲ್ ಆಫ್ ಫ್ಲೇಮ್ ಮ್ಯೂಸಿಯಂ. ಹಲಗೆಗಳ ಹತ್ತಿರ ಹೋಗಿ, ಕಣ್ಣನ್ನು ಓರೆ ಮಾಡಿ ನೋಡಿ. ಕೆಳಗಿನ ಅಕ್ಷರ ಉಬ್ಬಿ ಕಾಣಬಹುದು.

ನಮ್ಮ ದೇಶದಲ್ಲೂ ಒಂದಿದೆ. ದೆಹಲಿಯ ರಾಷ್ಟ್ರೀಯ ರೈಲು ಮ್ಯೂಸಿಯಂನಲ್ಲಿ ಜಾನ್ ಮಾರಿಸ್ ಕಂಪನಿಯ 1914ರ ಫೈರ್ ಇಂಜಿನ್. ಇಂಗ್ಲೆಂಡಿನಲ್ಲಿ ತಯಾರಾಗಿ ನಿಜಾಮರ ರೈಲ್ವೆಗೆ ಬಂದದ್ದು. ಅದೇ ನಿಜಾಮರ ರೈಲ್ವೆ, 1874ರಲ್ಲಿ ನಮ್ಮ ಕಲಬುರಗಿ ಸೀಮೆಯ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಹಾಕಿಸಿದ್ದು. ಈ ಇಂಜಿನ್ ದೆಹಲಿಯ ವಿಂಟೇಜ್ ಕಾರ್ ರ‍್ಯಾಲಿಗಳಲ್ಲಿ ಓಡಿದ್ದೂ ಉಂಟು. ಫೋಟೋಗಳಲ್ಲಿ ಕಾಣುವುದು ಮೇಲಿನ ಕೆಂಪು ಮತ್ತು ಹಿತ್ತಾಳೆ. ಅಡಿಯಲ್ಲಿ ಏನಿರಬಹುದು ಅನ್ನುವ ಕುತೂಹಲ ನನಗೆ. ಮುಂದಿನ ಸಲ ಊರಿಗೆ ಬಂದಾಗ ಅಮ್ಮನನ್ನೂ ಕರೆದುಕೊಂಡು ಹೋಗುವ ಯೋಚನೆ ಇದೆ. ಯುವಿ ಟಾರ್ಚನ್ನು ಒಳಗೆ ಬಿಡ್ತಾರಾ ಅಂತ ಮೊದಲೇ ಪತ್ರ ಬರೆದು ಕೇಳಬೇಕು.